ಲೂಸಿಲ್ ಬಾಲ್ ಅವರ ಹಾಸ್ಯಾಭಿನಯ : ಒಂದು ವಿವೇಚನೆ

ನಾಟ್ಯಶಾಸ್ತ್ರದ ರಸಾಧ್ಯಾಯದಲ್ಲಿ ಹಾಸ್ಯವನ್ನು ನಿರೂಪಿಸುವಾಗ ಭರತಮುನಿಯು ಈ ರಸವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯ ಪಾತ್ರಗಳಲ್ಲಿಯೂ ಕಂಡುಬರುತ್ತದೆಂದು ಹೇಳಿದ್ದಾನೆ. ಆದರೆ ಸಂಸ್ಕೃತ ನಾಟಕಗಳನ್ನು ತೆರೆದು ನೋಡಿದರೆ ನಗಿಸುವ ಅಧಿಕಾರವೆಲ್ಲ ವಿದೂಷಕನೆಂಬ ಪುರುಷನ ಪಾಲಿಗೆ ಹೋಗಿರುವುದು ವಿದಿತವಾಗುತ್ತದೆ. ಈ ವೈಷಮ್ಯ ನಮ್ಮ ರಂಗಭೂಮಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಮೂಕಚಿತ್ರಗಳ ಯುಗದಲ್ಲಿ ದೇಹವನ್ನೇ ಮಾತಾಗಿಸಿ ಲೋಕವನ್ನು ನಗಿಸಿದ ಚಾಪ್ಲಿನ್, ಕೀಟನ್, ಲಾಯ್ಡ್ ಮೂವರೂ ಗಂಡಸರು. ಮೇಬಲ್ ನಾರ್ಮಂಡ್ ಮೊದಲಾದ ಕೆಲವರನ್ನು ಬಿಟ್ಟರೆ ಆ ಚಿತ್ರಗಳ ಹೆಣ್ಣು ಬಹುಮಟ್ಟಿಗೆ ನಾಯಕನು ಬಿದ್ದಾಗ ನೋಡಿ ಮರುಗುವವಳು, ತಾನೇ ಬೀಳುವವಳಲ್ಲ. ಬೀಳುವ ಈ ಹಕ್ಕನ್ನು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ, ಆಗತಾನೆ ಹುಟ್ಟಿದ್ದ ದೂರದರ್ಶನವೆಂಬ ಮಾಧ್ಯಮದಲ್ಲಿ ಸಂಪಾದಿಸಿಕೊಂಡ ನಟಿ ಲೂಸಿಲ್ ಬಾಲ್.

ಬಾಲ್ ಅವರನ್ನು ಕುರಿತು ಎರಡು ಅಭಿಪ್ರಾಯಗಳು ರೂಢಿಗೆ ಬಂದಿವೆ. ಅವರು ಹುಟ್ಟಿನಿಂದಲೇ ಹಾಸ್ಯಗಾರ್ತಿ, ಕ್ಯಾಮರಾದ ಮುಂದೆ ನಿಂತರೆ ನಗೆ ತಾನಾಗಿ ಹೊಮ್ಮುತ್ತಿತ್ತು ಎಂಬುದು ಅಭಿಮಾನಿಗಳ ಮಾತು. ಅವರು ಚಿತ್ರಿಸಿದ ಪಾತ್ರ ಹೆಣ್ಣನ್ನು ಅವಿವೇಕಿಯನ್ನಾಗಿ ತೋರಿಸಿ, ಕೊನೆಗೆ ಅಡುಗೆಮನೆಗೆ ಅಟ್ಟುತ್ತದೆ ಎಂಬುದು ಸ್ತ್ರೀವಾದೀ ವಿಮರ್ಶಕರಲ್ಲಿ ಕೆಲವರ ಆಕ್ಷೇಪ. ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ಅಂಶದಲ್ಲಿ ಒಂದಾಗುತ್ತವೆ: ಅಭಿನಯವನ್ನು ಅಭಿನಯವೆಂದು ನೋಡುವ ಶ್ರಮವನ್ನು ಎರಡೂ ವಹಿಸುವುದಿಲ್ಲ. ಪ್ರಕೃತ ಲೇಖನದಲ್ಲಿ ಆ ಶ್ರಮವನ್ನು ಸ್ವಲ್ಪಮಟ್ಟಿಗಾದರೂ ವಹಿಸಬೇಕೆಂಬುದು ನಮ್ಮ ಉದ್ದೇಶ.

ಇಂತಹ ಪರಿಶೀಲನೆ ಸಾಧ್ಯವಾಗಿರುವುದು ಒಂದು ತಾಂತ್ರಿಕ ನಿರ್ಧಾರದ ದೆಸೆಯಿಂದ. 1951ನೆಯ ಅಕ್ಟೋಬರ್ 15ರಂದು ಸಿ.ಬಿ.ಎಸ್. ಜಾಲದಲ್ಲಿ 'ಐ ಲವ್ ಲೂಸಿ' ಎಂಬ ಹಾಸ್ಯಮಾಲೆ ಪ್ರಾರಂಭವಾದಾಗ ಅಮೆರಿಕದ ದೂರದರ್ಶನ ನಾಟಕಗಳು ಹೆಚ್ಚಾಗಿ ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಹೋಗುತ್ತಿದ್ದುದು ಪರದೆಯ ಮೇಲಿನ ಬಿಂಬವನ್ನೇ ಮತ್ತೆ ಚಿತ್ರೀಕರಿಸಿದ ಮಸಕು ಪ್ರತಿ. ಲಿಪಿಕಾರನು ಅವಸರದಲ್ಲಿ ಮಾಡಿಟ್ಟ ಓಲೆಗರಿಯ ನಕಲಿನಂತೆ ಮೂಲವನ್ನು ಊಹಿಸಿಕೊಳ್ಳಬೇಕಾದಂಥದು. ಬಾಲ್ ಮತ್ತು ಅವರ ಪತಿ, ಕ್ಯೂಬಾ ಸಂಜಾತ ಸಂಗೀತಗಾರ ಡೆಸಿ ಆರ್ನಾಜ್, ಹಾಲಿವುಡ್ಡನ್ನು ಬಿಟ್ಟು ಬರಲೊಪ್ಪಲಿಲ್ಲ. ಪ್ರಾಯೋಜಕರು ಮಸಕು ಪ್ರತಿಯನ್ನು ಒಪ್ಪಲಿಲ್ಲ. ಕೊನೆಗೆ ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಮೇಲೆ, ಮೂರು ಕ್ಯಾಮರಾಗಳಿಂದ ಏಕಕಾಲದಲ್ಲಿ, ಮುನ್ನೂರು ಜನ ಪ್ರೇಕ್ಷಕರ ಸಮ್ಮುಖದಲ್ಲಿ ಚಿತ್ರೀಕರಿಸುವುದೆಂದು ತೀರ್ಮಾನವಾಯಿತು. ದಂಪತಿಗಳು ವೇತನದಲ್ಲಿ ಕಡಿತವನ್ನೊಪ್ಪಿ, ಅದಕ್ಕೆ ಬದಲಾಗಿ ಚಿತ್ರಗಳ ಒಡೆತನವನ್ನು ತಮ್ಮ ಡೆಸಿಲೂ ಸಂಸ್ಥೆಗೆ ಉಳಿಸಿಕೊಂಡರು. ಬೆಳಕಿನ ಏರ್ಪಾಡಿನ ಹೊಣೆ ಹೊತ್ತವನು ಜರ್ಮನಿಯಲ್ಲಿ 'ಮೆಟ್ರೊಪೊಲಿಸ್' ಚಿತ್ರಕ್ಕೆ ದುಡಿದಿದ್ದ ಕಾರ್ಲ್ ಫ್ರಾಯಿಂಡ್. ನಟಿಗೆ ಎದುರಿಗೆ ಜೀವಂತ ಸಭೆ ದೊರೆಯಿತು. ನಮಗೆ ಶುದ್ಧವಾದ ಪಾಠ ದೊರೆಯಿತು. 1957ರ ಮೇ ತಿಂಗಳವರೆಗೆ ಪ್ರಸಾರವಾದ ನೂರೆಂಬತ್ತು ಕಂತುಗಳನ್ನು ಇಂದಿಗೂ ಮತ್ತೆ ಮತ್ತೆ ನಿಲ್ಲಿಸಿ ನೋಡಬಹುದಾಗಿದೆ.

ಹುಟ್ಟುಗುಣದ ವಾದವನ್ನು ಮೊದಲು ಪರಾಮರ್ಶಿಸೋಣ. ಬಾಲ್ 1911ನೆಯ ಆಗಸ್ಟ್ 6ರಂದು ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನಿನಲ್ಲಿ ಜನಿಸಿದರು. ತಂದೆ 1915ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡ ಮೇಲೆ ತಾಯಿಯ ತಂದೆತಾಯಿಗಳ ಆಶ್ರಯದಲ್ಲಿ ಬೆಳೆದರು. ವಿನೋದಾವಳಿಗಳ ರಂಗವನ್ನು ಹುಡುಗಿಗೆ ಮೊದಲು ತೋರಿಸಿದವನು ಆ ತಾತ. ಹದಿಹರೆಯದಲ್ಲಿ ನ್ಯೂಯಾರ್ಕಿನ ನಾಟಕಶಾಲೆಯೊಂದಕ್ಕೆ ಸೇರಿದಾಗ ಅಲ್ಲಿ ಬೆಟ್ಟಿ ಡೇವಿಸ್ ಮೆರೆಯುತ್ತಿದ್ದ ಕಾಲ. ಲೂಸಿಲ್ ಎಂಬ ಸಂಕೋಚದ ಹುಡುಗಿಯಿಂದ ಏನೂ ಆಗದೆಂದು ಗುರುಗಳು ಮನೆಗೆ ಕಳಿಸಿದರು. ಅನಂತರ ಉಡುಪಿನಂಗಡಿಯಲ್ಲಿ ರೂಪದರ್ಶಿನಿಯಾಗಿ ದುಡಿದು, 1933ರಲ್ಲಿ 'ರೋಮನ್ ಸ್ಕ್ಯಾಂಡಲ್ಸ್' ಚಿತ್ರದ ನರ್ತಕಿಯರ ಗುಂಪಿನಲ್ಲಿ ಒಬ್ಬಳಾಗಿ ಹಾಲಿವುಡ್ಡಿಗೆ ಬಂದರು. ಅಲ್ಲಿಂದ 1951ರವರೆಗೆ ಹದಿನೆಂಟು ವರ್ಷ! ಕೊಲಂಬಿಯಾ, ಆರ್.ಕೆ.ಓ., ಎಂ.ಜಿ.ಎಂ. ಎಂದು ಸಂಸ್ಥೆಯಿಂದ ಸಂಸ್ಥೆಗೆ ಸಂಚರಿಸಿ, ಹೆಸರಿಲ್ಲದ ಪಾತ್ರಗಳಿಂದ ಎರಡನೆಯ ದರ್ಜೆಯ ಚಿತ್ರಗಳ ನಾಯಿಕೆಯವರೆಗೆ ಏರಿದರು. 1937ರ 'ಸ್ಟೇಜ್ ಡೋರ್', ಡಾರೊಥಿ ಆರ್ಜ್‌ನರ್ ನಿರ್ದೇಶಿಸಿದ 1940ರ 'ಡಾನ್ಸ್, ಗರ್ಲ್, ಡಾನ್ಸ್' ಇವುಗಳಲ್ಲಿ ನಾಲಗೆ ಚುರುಕಾದ, ಸುಂದರಿಯಾದ ತರುಣಿಯೊಬ್ಬಳನ್ನು ಕಾಣುತ್ತೇವೆ. ಮುಂದಿನ ಲೂಸಿಯ ಸುಳಿವು ಅಲ್ಲಿ ಬಲು ಕಡಮೆ. ಹುಟ್ಟುಗುಣವೇ ಆಗಿದ್ದಲ್ಲಿ ಅದು ನಲವತ್ತರ ವಯಸ್ಸಿನವರೆಗೆ ಅಡಗಿ ಕುಳಿತಿದ್ದೇಕೆ?

ಈ ಅವಧಿಯಲ್ಲಿ ನಡೆದ ಎರಡು ಶಿಕ್ಷಣಗಳನ್ನು ಮಾತ್ರ ಇಲ್ಲಿ ಗಮನಿಸತಕ್ಕದ್ದು. ಎಂ.ಜಿ.ಎಂ. ಸಂಸ್ಥೆಯಲ್ಲಿ ಆ ವೇಳೆಗೆ ಮೂಲೆಗುಂಪಾಗಿದ್ದ ಬಸ್ಟರ್ ಕೀಟನ್ ಮತ್ತು ನಿರ್ದೇಶಕ ಎಡ್ವರ್ಡ್ ಸೆಜ್ವಿಕ್ ಇಬ್ಬರೂ ಬಾಲ್ ಅವರಲ್ಲಿ ಬೇರೆಯವರಿಗೆ ಕಾಣದ ಶಕ್ತಿಯನ್ನು ಗುರುತಿಸಿ, ರಂಗಪರಿಕರಗಳನ್ನು ಬಳಸುವ ವಿದ್ಯೆಯನ್ನು ಹೇಳಿಕೊಟ್ಟರು. ಕುರ್ಚಿಯಾಗಲಿ ಟೋಪಿಯಾಗಲಿ ನಟನ ಕೈಗೆ ಬಂದ ವಸ್ತು ಸಹನಟನಂತೆಯೇ ಸ್ವತಂತ್ರಬುದ್ಧಿಯುಳ್ಳದ್ದೆಂದು ಭಾವಿಸಬೇಕೆಂಬುದು ಕೀಟನ್ನನ ಚಿತ್ರಗಳನ್ನು ನೋಡಿದವರೆಲ್ಲರೂ ಬಲ್ಲ ಸೂತ್ರ. ಎರಡನೆಯ ಶಿಕ್ಷಣ ಆಕಾಶವಾಣಿಯದು. 1948ರಿಂದ 1951ರವರೆಗೆ ನಡೆದ 'ಮೈ ಫೇವರಿಟ್ ಹಸ್ಬೆಂಡ್' ಎಂಬ ಶ್ರವ್ಯಮಾಲೆಯನ್ನು ಸಭಿಕರೆದುರಿಗೆ ಆಡಬೇಕಾಗಿತ್ತು. ಕೇಳುವವರಿಗೆ ಮುಖ ಕಾಣದಿದ್ದರೂ ಎದುರಿಗಿದ್ದವರನ್ನು ನಗಿಸಲು ಮುಖವನ್ನೂ ಮೈಯನ್ನೂ ಬಳಸುವುದು ಅಲ್ಲಿ ರೂಢಿಯಾಯಿತು. ಅಲ್ಲಿಯ ಬರಹಗಾರರಾದ ಜೆಸ್ ಓಪನ್‌ಹೈಮರ್, ಮ್ಯಾಡೆಲಿನ್ ಪ್ಯೂ, ಬಾಬ್ ಕ್ಯಾರೊಲ್ ಇವರೇ ಮುಂದೆ 'ಐ ಲವ್ ಲೂಸಿ'ಯ ಬರಹಗಾರರೂ ಆದರು. ತಮ್ಮ ಯಶಸ್ಸಿನ ಕೀರ್ತಿ ಈ ಬರಹಗಾರರಿಗೆ ಸಲ್ಲಬೇಕೆಂದು ಬಾಲ್ ಕೊನೆಯವರೆಗೂ ಹೇಳುತ್ತಿದ್ದರು. ಇದು ಬರಿಯ ವಿನಯದ ಮಾತಲ್ಲ. ಅವರ ಹಾಸ್ಯ ಆಶುಹಾಸ್ಯವಲ್ಲ. ಬರೆದದ್ದನ್ನು ವಾರವೆಲ್ಲ ತಾಲೀಮು ಮಾಡಿ ಅಂಗುಲ ಅಂಗುಲವಾಗಿ ಕೂರಿಸಿದ್ದು.

ಇನ್ನು ಪಾತ್ರದ ವಿಚಾರ. ಲೂಸಿ ರಿಕಾರ್ಡೊ ನ್ಯೂಯಾರ್ಕಿನ ಗೃಹಿಣಿ. ಗಂಡ ರಿಕಿ ರಾತ್ರಿವಿಹಾರಗೃಹವೊಂದರಲ್ಲಿ ವಾದ್ಯಮೇಳದ ನಾಯಕ. ಮನೆಯ ಒಡೆಯರೂ ನೆರೆಹೊರೆಯೂ ಆದ ಫ್ರೆಡ್ ಮತ್ತು ಎಥೆಲ್ ಮರ್ಟ್ಸ್ ದಂಪತಿಗಳ ಪಾತ್ರದಲ್ಲಿ ವಿಲಿಯಂ ಫ್ರಾಲಿ ಮತ್ತು ವಿವಿಯನ್ ವ್ಯಾನ್ಸ್. ಲೂಸಿಗೆ ರಂಗವೇರಬೇಕೆಂಬ ಒಂದೇ ಆಸೆ. ಅದಕ್ಕೆ ಬೇಕಾದ ಕಂಠವಿಲ್ಲ, ತಾಳಜ್ಞಾನವಿಲ್ಲ, ಗಂಡನ ಸಮ್ಮತಿಯಂತೂ ಇಲ್ಲವೇ ಇಲ್ಲ. ನಮ್ಮ ವಿದೂಷಕನಿಗೆ ಮೋದಕದ ಮೇಲೆ ಇರುವ ಲೌಲ್ಯ ಇವಳಿಗೆ ದೀಪದ ಬೆಳಕಿನ ಮೇಲೆ. ಹಾಸ್ಯಕ್ಕೆ ವಿಭಾವಗಳೆಂದು ಭರತನು ಎಣಿಸುವ ವಿಕೃತವೇಷ, ಧಾರ್ಷ್ಟ್ಯ, ಲೌಲ್ಯ, ಅಸಂಬದ್ಧಪ್ರಲಾಪಗಳಲ್ಲಿ ಇವಳಿಗೆ ಒದಗದಿರುವುದು ಯಾವುದೂ ಇಲ್ಲ. ಆದರೆ ಅವಳು ತಾನು ನಗುವುದು ಅಪರೂಪ. ತಾನೇ ನಗುವುದು ಆತ್ಮಸ್ಥವೆಂದೂ ಪರರನ್ನು ನಗಿಸುವುದು ಪರಸ್ಥವೆಂದೂ ಹಾಸ್ಯವನ್ನು ವಿಂಗಡಿಸುವುದುಂಟಷ್ಟೆ. ಲೂಸಿಯದು ಅಪ್ಪಟ ಪರಸ್ಥಹಾಸ್ಯ. ಅವಳ ಮಟ್ಟಿಗೆ ನಡೆಯುತ್ತಿರುವುದೆಲ್ಲ ಅತ್ಯಂತ ಗಂಭೀರ ವ್ಯವಹಾರ. ಅಕುಶಲೆಯೊಬ್ಬಳ ಈ ಪಾತ್ರವನ್ನು ಅತ್ಯಂತ ಕುಶಲೆಯಾದ ನಟಿ ವಹಿಸಿರುವಳೆಂಬುದೇ ಇಲ್ಲಿಯ ಮುಖ್ಯ ಸಂಗತಿ. ಕುಣಿಯಲು ಬಾರದವಳು ಕುಣಿದರೆ ನೋಡುವವರಿಗೆ ಬೇಸರ. ಎಲ್ಲಿ ತಪ್ಪಬೇಕೆಂಬುದನ್ನು ಬಲ್ಲವಳು ತಪ್ಪಿದರೆ ಮಾತ್ರ ನಗೆ.

1952ನೆಯ ಮೇ 5ರಂದು ಪ್ರಸಾರವಾದ ಕಂತನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದೂರದರ್ಶನದ ಜಾಹೀರಾತಿನಲ್ಲಿ ಕಾಣಿಸಿಕೊಳ್ಳಬೇಕೆಂದು ಹಟ ಹಿಡಿದ ಲೂಸಿ ಮೊದಲು ಮನೆಯ ದೂರದರ್ಶನದ ಪೆಟ್ಟಿಗೆಯ ಒಳಗನ್ನು ಬರಿದು ಮಾಡಿ ಅದರಲ್ಲಿ ತಾನೇ ಕುಳಿತು ಗಂಡನಿಗೆ ಪ್ರದರ್ಶನ ಕೊಡುತ್ತಾಳೆ. ಅನಂತರ ಉಪಾಯದಿಂದ ನಿಜವಾದ ಜಾಹೀರಾತಿನ ಕೆಲಸವನ್ನೇ ದೊರಕಿಸಿಕೊಳ್ಳುತ್ತಾಳೆ. ವಸ್ತು 'ವಿಟಾಮೀಟಾವೆಜಮಿನ್' ಎಂಬ ಟಾನಿಕ್ಕು. ಅದರಲ್ಲಿ ಶೇಕಡ 23ರಷ್ಟು ಮದ್ಯಸಾರವಿರುವುದು ಅವಳಿಗೆ ತಿಳಿಯದು. ಒಂದೇ ಭಾಷಣವನ್ನು ತಾಲೀಮಿಗಾಗಿ ಮತ್ತೆ ಮತ್ತೆ ಹೇಳಿ ಪ್ರತಿಸಲವೂ ಒಂದು ಚಮಚ ಕುಡಿಯಬೇಕು. ಅಮಲಿನ ಅಭಿನಯ ಹಳೆಯ ಸರಕು, ಯಾವ ಊರಿನ ನಾಟಕದ ಕಂಪನಿಯಲ್ಲೂ ದೊರೆಯುವಂಥದು. ಬಾಲ್ ಅದನ್ನು ಮಾಡಿರುವ ಕ್ರಮ ಬೇರೆ. ಮೊದಲ ಸಲ ಭಾಷಣವನ್ನು ಅಚ್ಚುಕಟ್ಟಾಗಿ, ಒಂದು ಅಕ್ಷರವೂ ಲೋಪವಾಗದಂತೆ ನುಡಿಯುತ್ತಾರೆ. ಪ್ರೇಕ್ಷಕನು ಅದನ್ನು ತನಗರಿಯದೆಯೇ ಕಂಠಪಾಠ ಮಾಡಿಬಿಡುತ್ತಾನೆ. ಔಷಧದ ಕಹಿಗೆ ಮುಖ ಕಿವಿಚಿ, ಆ ಕಿವಿಚಿದ ಮುಖದ ಮೇಲೆಯೇ ಮಂದಹಾಸವನ್ನು ಎಳೆದು ಕೂರಿಸುವ ಪ್ರಯತ್ನವೊಂದೇ ಅಲ್ಲಿ ನಗೆಗೆ ಕಾರಣ. ಎರಡನೆಯ ಆವೃತ್ತಿಯಲ್ಲಿ ಕಹಿ ತಗ್ಗುತ್ತದೆ. ಮುಂದೆ ನಾಲಗೆ ತೊದಲುವ ಮೊದಲೇ ಕಣ್ಣು ತೊದಲುತ್ತದೆ. ಆಮೇಲೆ ಅಕ್ಷರಪಲ್ಲಟ, ಕೊನೆಗೆ ಚಮಚ ಬಿಟ್ಟು ಸೀಸೆಯಿಂದಲೇ ಕುಡಿಯುವುದು. ಪ್ರತಿಯೊಂದು ಆವೃತ್ತಿಯೂ ಹಿಂದಿನದಕ್ಕಿಂತ ಒಂದೇ ಮೆಟ್ಟಿಲು ಕೆಳಗಿದೆ, ಎರಡು ಮೆಟ್ಟಿಲನ್ನು ಒಮ್ಮೆಗೆ ಇಳಿದುದಿಲ್ಲ. ಪಲ್ಲವಿಯನ್ನು ಸಂಗತಿಸಂಗತಿಯಾಗಿ ಬೆಳೆಸುವ ಗಾಯಕರಲ್ಲಿ ಈ ಸಂಯಮವನ್ನು ಕಂಡಿದ್ದೇವೆ. ಹಾಸ್ಯನಟರಲ್ಲಿ ಕಂಡಿರುವುದು ಕಡಮೆ.

ಅದೇ ವರ್ಷದ ಸೆಪ್ಟೆಂಬರ್ 15ರಂದು ಪ್ರಸಾರವಾದ, ವಿಲಿಯಂ ಆಶರ್ ನಿರ್ದೇಶಿಸಿದ ಕಂತು ಇದಕ್ಕಿಂತಲೂ ಪ್ರಸಿದ್ಧ. ಲೂಸಿ ಹಣದ ಲೆಕ್ಕ ತಪ್ಪಿದುದರಿಂದ ಹುಟ್ಟಿದ ಜಗಳದಲ್ಲಿ ಗಂಡಂದಿರು ಮನೆಗೆಲಸವನ್ನೂ ಹೆಂಡಿರು ಸಂಪಾದನೆಯನ್ನೂ ವಹಿಸಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಅಕ್ಕಿ ಉಕ್ಕಿ ಗಂಡಸರನ್ನು ಆವರಿಸುವ ಭಾಗ ಸಾಧಾರಣದ್ದು. ಚಾಕೊಲೇಟ್ ಕಾರ್ಖಾನೆಯ ಭಾಗವನ್ನು ಮಾತ್ರ ಸಾವಧಾನವಾಗಿ ನೋಡಬೇಕು. ಮೊದಲು ಲೂಸಿಯನ್ನು, ನಿಜಜೀವನದಲ್ಲಿಯೂ ಚಾಕೊಲೇಟ್ ಅದ್ದುವ ಕಸುಬಿನವಳಾದ ಹೆಂಗಸೊಬ್ಬಳ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಆ ಕೈಗಳಿಗೆ ತಾವೇನು ಮಾಡುತ್ತಿದ್ದೇವೆಂಬ ಗಮನವೇ ಇಲ್ಲ. ಲೂಸಿಯ ಕೈಗಳಿಗೆ ಗಮನದ ಹೊರತು ಬೇರೇನೂ ಇಲ್ಲ. ಬಲ್ಲವಳ ಚಲನೆಯನ್ನು ಬಾರದವಳು ಅನುಕರಿಸುವ ಈ ಸಣ್ಣ ಪ್ರಸಂಗ ಎಷ್ಟೋ ಸಲ ವಿಮರ್ಶಕರ ಕಣ್ಣು ತಪ್ಪಿಸಿದೆ.

ಆಮೇಲೆ ಲೂಸಿ ಮತ್ತು ಎಥೆಲ್ ಇಬ್ಬರನ್ನೂ ಚಲಿಸುವ ಪಟ್ಟಿಯ ಮುಂದೆ ನಿಲ್ಲಿಸುತ್ತಾರೆ. ಪಟ್ಟಿಯ ಮೇಲೆ ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತಬೇಕು. ಒಂದು ತಪ್ಪಿಹೋದರೂ ಕೆಲಸ ಹೋಗುತ್ತದೆಂದು ಮೇಲ್ವಿಚಾರಕಿಯ ಎಚ್ಚರಿಕೆ. ಪಟ್ಟಿ ವೇಗ ಪಡೆಯುತ್ತದೆ. ತಪ್ಪಿದವುಗಳನ್ನು ಮೊದಲು ಬದಿಗೆ ಸರಿಸುತ್ತಾರೆ, ಆಮೇಲೆ ಬಾಯಿಗೆ, ಟೋಪಿಗೆ, ರವಕೆಯ ಒಳಗೆ. ಮೇಲ್ವಿಚಾರಕಿ ಬಂದು ನೋಡಿದರೆ ಪಟ್ಟಿ ಖಾಲಿ. ಆಕೆ ಮೆಚ್ಚಿಕೊಂಡು ವೇಗವನ್ನು ಇನ್ನೂ ಹೆಚ್ಚಿಸಲು ಹೇಳುತ್ತಾಳೆ. ಸೋಲನ್ನು ಮುಚ್ಚಿಟ್ಟುದೇ ದಕ್ಷತೆಯೆಂದು ಎಣಿಕೆಯಾಗಿ, ಆ ದಕ್ಷತೆಗೆ ಬಹುಮಾನವಾಗಿ ಮತ್ತಷ್ಟು ದೊಡ್ಡ ಸೋಲು ಬಂದೊದಗುತ್ತದೆ. ಚಾಪ್ಲಿನ್ನನ 1936ರ 'ಮಾಡರ್ನ್ ಟೈಮ್ಸ್' ಚಿತ್ರವನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ, ನೆನೆಯುವುದೂ ಸಹಜ. ಆದರೆ ಭೇದವನ್ನು ಹೇಳುವವರು ವಿರಳ. ಅಲ್ಲಿ ಯಂತ್ರವು ಮನುಷ್ಯನನ್ನು ನುಂಗುತ್ತದೆ, ಇಲ್ಲಿ ಹೆಂಗಸು ಯಂತ್ರದ ಉತ್ಪನ್ನವನ್ನು ನುಂಗುತ್ತಾಳೆ. ಚಾಪ್ಲಿನ್ನನ ಕಾರ್ಮಿಕ ಹುಚ್ಚನಾಗಿ ಯಂತ್ರದಿಂದ ಬಿಡುಗಡೆ ಹೊಂದುತ್ತಾನೆ. ಲೂಸಿಗೆ ಹುಚ್ಚಾಗುವ ಸ್ವಾತಂತ್ರ್ಯವೂ ಇಲ್ಲ. ತುಂಬಿದ ಬಾಯಿಯನ್ನು ಮುಚ್ಚಿಕೊಂಡು ತಾನು ಸರಿಯಾಗಿಯೇ ಇದ್ದೇನೆಂದು ತೋರಿಸಿಕೊಳ್ಳಬೇಕು. ಆಗ ಬಾಲ್ ಅವರ ಕಣ್ಣುಗಳಲ್ಲಿ ಮೂಡುವ ಭೀತಿ ಕೃತಕವಲ್ಲವೆನ್ನಿಸುತ್ತದೆ. ಹಾಸ್ಯದ ಅಡಿಯಲ್ಲಿ ಭಯಾನಕವನ್ನು ಇಷ್ಟು ತೆಳುವಾದ ಲೇಪವಾಗಿ ಹಾಸಿದ ದೃಶ್ಯ ನಮಗೆ ತಿಳಿದಂತೆ ಬಹಳ ಇಲ್ಲ. ಹದಿನೆಂಟು ವರ್ಷ ಸ್ಟುಡಿಯೋಗಳೆಂಬ ಕಾರ್ಖಾನೆಗಳಲ್ಲಿ, ಈ ವಾರ ತಪ್ಪಿದರೆ ಮುಂದಿನ ವಾರ ಕೆಲಸವಿಲ್ಲವೆಂಬ ಸ್ಥಿತಿಯಲ್ಲಿ ನಿಂತಿದ್ದವರಿಗೆ ಆ ಪಟ್ಟಿಯ ವೇಗ ಅಪರಿಚಿತವಾಗಿರಲಾರದು. ಜೀವನಚರಿತ್ರೆಯಿಂದ ಕಲೆಯನ್ನು ವಿವರಿಸುವ ಪದ್ಧತಿಯಲ್ಲಿ ನಮಗೆ ವಿಶೇಷ ವಿಶ್ವಾಸವಿಲ್ಲದಿದ್ದರೂ ಇಷ್ಟನ್ನು ಹೇಳದಿರಲಾಗಲಿಲ್ಲ.

ಈಗ ಎರಡನೆಯ ಆಕ್ಷೇಪಕ್ಕೆ ಬರೋಣ. ಕಂತುಕಂತಿನ ಕೊನೆಯಲ್ಲಿಯೂ ಲೂಸಿ ಸೋತು ಮನೆಗೆ ಹಿಂದಿರುಗುತ್ತಾಳೆಂಬುದು ನಿಜ. ರಿಕಿ ಅವಳನ್ನು ಮಗುವಿನಂತೆ ಗದರಿಸುವ, ಒಮ್ಮೊಮ್ಮೆ ಮೊಣಕಾಲ ಮೇಲೆ ಮಲಗಿಸಿ ಹೊಡೆಯುವ ದೃಶ್ಯಗಳಿರುವುದೂ ನಿಜ. ಅವುಗಳನ್ನು ಆ ಕಾಲದ ರೂಢಿಯೆಂದು ಸಮರ್ಥಿಸುವವರೊಡನೆ ನಾವು ಸೇರುವುದಿಲ್ಲ. ಅವು ನೋಡಲು ಅಹಿತವಾಗಿಯೇ ಇವೆ. ಆದರೆ ಸಂವಿಧಾನದ ತೀರ್ಪನ್ನೇ ಕೃತಿಯ ತಾತ್ಪರ್ಯವೆಂದು ಎಣಿಸುವುದು ಕಾವ್ಯಮೀಮಾಂಸೆಯ ಪರಿಚಯವಿದ್ದವರಿಗೆ ಒಪ್ಪತಕ್ಕ ಮಾತಲ್ಲ. 1956ನೆಯ ಏಪ್ರಿಲ್ 16ರ ಕಂತಿನಲ್ಲಿ ಇಟಲಿಯ ಚಿತ್ರವೊಂದರಲ್ಲಿ ಪಾತ್ರ ದೊರೆಯುವ ಆಸೆಯಿಂದ ಲೂಸಿ ಅನುಭವ ಪಡೆಯಲು ದ್ರಾಕ್ಷಿ ತುಳಿಯುವ ತೊಟ್ಟಿಗೆ ಇಳಿಯುತ್ತಾಳೆ. ಮೊದಲು ಅಸಹ್ಯ, ಆಮೇಲೆ ಕುತೂಹಲ, ಆಮೇಲೆ ಕುಣಿತ, ಕೊನೆಗೆ ಜೊತೆಯವಳೊಡನೆ ಹೊಡೆದಾಟ. ಮೈಯೆಲ್ಲ ಬಣ್ಣವಾದುದರಿಂದ ಪಾತ್ರವು ಎಥೆಲ್ಲಳ ಪಾಲಾಗುತ್ತದೆ. ಸಂವಿಧಾನದ ತೀರ್ಪಿನಂತೆ ಇದು ಸೋಲು. ಆದರೆ ಆ ತೊಟ್ಟಿಯಲ್ಲಿ ಕುಣಿಯುವ ಮಧ್ಯವಯಸ್ಕ ಹೆಂಗಸಿನ ಉಲ್ಲಾಸವನ್ನು ಕಂಡವರು ಕೊನೆಯ ಎರಡು ನಿಮಿಷದ ತೀರ್ಪನ್ನು ನೆನಪಿನಲ್ಲಿಡುವುದಿಲ್ಲ. ಮನೆಗೆ ಹಿಂದಿರುಗಿದ ಲೂಸಿ ಮುಂದಿನ ಸೋಮವಾರ ಮತ್ತೆ ಹೊರಡುತ್ತಾಳೆ. ಹಿಂದಿನ ಸೋಲಿನಿಂದ ಪಾಠ ಕಲಿಯಲು ಅವಳು ಒಪ್ಪದಿರುವುದನ್ನು ಅವಿವೇಕವೆಂದು ಕರೆಯುವುದಾದರೆ ಕರೆಯಬಹುದು.

ಪಾತ್ರಕ್ಕೂ ನಟಿಗೂ ಇರುವ ಗೆರೆ ಒಮ್ಮೆ ಮಾತ್ರ ಅಳಿಸಿಹೋಯಿತು. 1952ರಲ್ಲಿ ಬಾಲ್ ಮತ್ತೆ ಗರ್ಭಿಣಿಯಾದಾಗ ಅದನ್ನು ಮರೆಮಾಡದೆ ಲೂಸಿಯೂ ಗರ್ಭಿಣಿಯಾದಳೆಂದು ತೋರಿಸಲು ನಿರ್ಧರಿಸಲಾಯಿತು. ಗರ್ಭಿಣಿ ಎಂಬ ಪದವನ್ನು ಬಳಸಲು ಜಾಲದವರು ಬಿಡಲಿಲ್ಲ. ಬರೆದ ಪ್ರತಿಗಳನ್ನು ಕ್ರೈಸ್ತ, ಯಹೂದಿ ಧರ್ಮಗುರುಗಳಿಗೆ ತೋರಿಸಿ ಒಪ್ಪಿಗೆ ಪಡೆದರು. ಡಿಸೆಂಬರ್ 8ರಂದು ಪ್ರಸಾರವಾದ ಕಂತಿನಲ್ಲಿ ಲೂಸಿ ಈ ಸುದ್ದಿಯನ್ನು ಗಂಡನಿಗೆ ಹೇಳಲು ದಿನವೆಲ್ಲ ಹೆಣಗಿ, ಕೊನೆಗೆ ಅವನ ಸಂಗೀತಸಭೆಯಲ್ಲಿ ತಿಳಿಯಪಡಿಸುತ್ತಾಳೆ. ಅಲ್ಲಿ ಇಬ್ಬರ ಕಣ್ಣಿನಲ್ಲೂ ನೀರು ಬಂದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅದು ಬರೆದುಕೊಟ್ಟ ನೀರಲ್ಲ. 1953ನೆಯ ಜನವರಿ 19ರಂದು ಬಾಲ್ ಮಗನನ್ನು ಹೆತ್ತರು. ಅದೇ ರಾತ್ರಿ ಲೂಸಿಯೂ ದೂರದರ್ಶನದಲ್ಲಿ ಮಗನನ್ನು ಹೆತ್ತಳು. ಸುಮಾರು ನಾಲ್ಕು ಕೋಟಿ ನಲವತ್ತು ಲಕ್ಷ ಜನ ಅದನ್ನು ನೋಡಿದರೆಂದೂ, ಮರುದಿನ ಐಸನ್‌ಹೋವರ್ ಅಧ್ಯಕ್ಷಪದವಿಯ ಪ್ರಮಾಣವಚನ ಸ್ವೀಕರಿಸಿದುದನ್ನು ನೋಡಿದವರು ಅದಕ್ಕಿಂತ ಕಡಮೆಯೆಂದೂ ಅಂದಾಜು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, 1936ರಲ್ಲಿ ತಾತನ ಒತ್ತಾಯದಿಂದ ಕಮ್ಯೂನಿಸ್ಟ್ ಮತದಾರಳೆಂದು ಹೆಸರು ನೋಂದಾಯಿಸಿದ್ದ ಕಾರಣಕ್ಕಾಗಿ ಅವರು ಅಮೆರಿಕದ ಶಾಸನಸಭೆಯ ವಿಚಾರಣಾ ಸಮಿತಿಯ ಮುಂದೆ ನಿಲ್ಲಬೇಕಾಯಿತು. ಅನೇಕ ಕಲಾವಿದರ ಬಾಳನ್ನು ಹಾಳುಮಾಡಿದ ಆ ಸಮಿತಿ ಇವರನ್ನು ನಿರ್ದೋಷಿಯೆಂದು ಬಿಟ್ಟಿತು. ಕೋಟಿಗಟ್ಟಲೆ ಪ್ರೇಕ್ಷಕರ ಪ್ರೀತಿ ಇಲ್ಲದ ಇತರರಿಗೆ ಈ ಭಾಗ್ಯ ಎಲ್ಲಿಂದ ಬರಬೇಕು?

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದಾದದ್ದು. 1957ರಲ್ಲಿ ಡೆಸಿಲೂ ಸಂಸ್ಥೆಯು ಒಂದು ಕಾಲದಲ್ಲಿ ಬಾಲ್ ಅವರನ್ನು ಸಂಬಳಕ್ಕಿಟ್ಟುಕೊಂಡಿದ್ದ ಆರ್.ಕೆ.ಓ. ಸಂಸ್ಥೆಯ ಸ್ಟುಡಿಯೋಗಳನ್ನೇ ಕೊಂಡಿತು. 1960ರಲ್ಲಿ ದಂಪತಿಗಳು ವಿಚ್ಛೇದನ ಪಡೆದರು. 1962ರಲ್ಲಿ ಬಾಲ್ ಆರ್ನಾಜ್‌ರ ಪಾಲನ್ನು ಕೊಂಡು ಸಂಸ್ಥೆಯ ಅಧ್ಯಕ್ಷೆಯಾದರು. 1967ರಲ್ಲಿ ಅದನ್ನು ಗಲ್ಫ್ ಅಂಡ್ ವೆಸ್ಟರ್ನ್ ಸಂಸ್ಥೆಗೆ ಮಾರಿದರು. 'ಸ್ಟಾರ್ ಟ್ರೆಕ್' ಮತ್ತು 'ಮಿಷನ್ ಇಂಪಾಸಿಬಲ್' ಮಾಲೆಗಳು ಅವರ ಆಡಳಿತದ ಕಾಲದಲ್ಲಿ ಅಲ್ಲಿ ಹುಟ್ಟಿದವು. ನಟಿಯಾಗಿ 'ದಿ ಲೂಸಿ ಶೋ' (1962-68), 'ಹಿಯರ್ಸ್ ಲೂಸಿ' (1968-74) ಎಂಬ ಎರಡು ಮಾಲೆಗಳನ್ನು ನಡೆಸಿ, ಮೊದಲನೆಯದಕ್ಕಾಗಿ 1967 ಮತ್ತು 1968ರಲ್ಲಿ ಎಮ್ಮಿ ಪ್ರಶಸ್ತಿಗಳನ್ನು ಪಡೆದರು. ಪ್ರಶಸ್ತಿಗಳ ಮಾತು ಹೇಗಾದರೂ ಇರಲಿ, ಇವು ಹಿಂದಿನದಕ್ಕೆ ಸಮನಲ್ಲವೆಂದು ನಮ್ಮ ಅಭಿಪ್ರಾಯ. ಬರವಣಿಗೆಯ ಸಡಿಲತೆ ಒಂದು ಕಾರಣ. ಇನ್ನೊಂದು ಕಾರಣ ಗಾಢವಾದದ್ದು. ರಿಕಿಯಿಲ್ಲದ ಲೂಸಿಗೆ ದಾಟಬೇಕಾದ ಗೋಡೆಯಿಲ್ಲ. ಆ ಸ್ಥಾನದಲ್ಲಿ ಬಂದ ಬ್ಯಾಂಕಿನ ಅಧಿಕಾರಿಯ ಪಾತ್ರವನ್ನು ಗೇಲ್ ಗಾರ್ಡನ್ ಎಂಬ ಸಮರ್ಥ ನಟ ವಹಿಸಿದ್ದರೂ ಅವನ ಕೋಪ ಮೇಲಧಿಕಾರಿಯದು, ಪ್ರೀತಿಸುವವನದಲ್ಲ. ಹಾಸ್ಯವು ಶೃಂಗಾರದಿಂದ ಹುಟ್ಟುತ್ತದೆಂಬ ಭರತನ ಮಾತನ್ನು ನಾವು ಬಹುಕಾಲ ಬರಿಯ ವರ್ಗೀಕರಣದ ಅನುಕೂಲಕ್ಕಾಗಿ ಹೇಳಿದ್ದೆಂದು ತಿಳಿದಿದ್ದೆವು. ಈ ಎರಡು ಮಾಲೆಗಳನ್ನು ಹೋಲಿಸಿ ನೋಡಿದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗಿದೆ.

1974ರ 'ಮೇಮ್' ಚಿತ್ರದ ಸೋಲನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ 1986ರಲ್ಲಿ ಎಪ್ಪತ್ತೈದರ ವಯಸ್ಸಿನಲ್ಲಿ ಬಾಲ್ ಪ್ರಾರಂಭಿಸಿದ 'ಲೈಫ್ ವಿತ್ ಲೂಸಿ' ಎಂಬ ಮಾಲೆಯ ವಿಷಯದಲ್ಲಿ ಒಂದು ಮಾತು ಅಗತ್ಯ. ಹದಿಮೂರು ಕಂತುಗಳನ್ನು ಚಿತ್ರಿಸಿ ಎಂಟನ್ನು ಪ್ರಸಾರ ಮಾಡಿ ನಿಲ್ಲಿಸಲಾಯಿತು. ಹಳೆಯ ಬರಹಗಾರರಿಬ್ಬರಿದ್ದರು, ಗೇಲ್ ಗಾರ್ಡನ್ ಇದ್ದರು, ಕಾಲಪ್ರಜ್ಞೆಯೂ ಬಹುಮಟ್ಟಿಗೆ ಹಾಗೆಯೇ ಇತ್ತು. ಆದರೂ ನಗೆ ಬರಲಿಲ್ಲ. ಹಾಸ್ಯನಟಿ ಬೀಳುವಾಗ ಪ್ರೇಕ್ಷಕನಿಗೆ ಒಂದು ಅಭಯ ಬೇಕು: ಬೀಳುವ ದೇಹಕ್ಕೆ ಪೆಟ್ಟಾಗದು, ಆ ದೇಹದ ಒಡತಿ ಎಲ್ಲವನ್ನೂ ಬಲ್ಲಳು ಎಂಬ ನಂಬಿಕೆ. ಚಾಕೊಲೇಟಿನ ಪಟ್ಟಿಯ ಮುಂದೆ ಲೂಸಿ ಹೆದರಿದ್ದಳು, ನಾವು ಹೆದರಿರಲಿಲ್ಲ. ಎಪ್ಪತ್ತೈದರ ಮುದುಕಿ ಎಡವಿದಾಗ ಲೂಸಿ ಹೆದರಲಿಲ್ಲ, ನಾವು ಹೆದರಿದೆವು. ಅಭಿನಯದಲ್ಲಿ ಕುಂದಿಲ್ಲದೆಯೇ ರಸವು ಕರುಣದ ಕಡೆಗೆ ವಾಲಿತು. ಹಿಂದಿನ ವರ್ಷ, 1985ರಲ್ಲಿ, 'ಸ್ಟೋನ್ ಪಿಲೋ' ಎಂಬ ದೂರದರ್ಶನ ಚಿತ್ರದಲ್ಲಿ ಬಾಲ್ ನ್ಯೂಯಾರ್ಕಿನ ಬೀದಿಗಳಲ್ಲಿ ತನ್ನ ಸರಕಿನ ಗಾಡಿಯೊಡನೆ ಅಲೆಯುವ ಮನೆಯಿಲ್ಲದ ವೃದ್ಧೆಯ ಪಾತ್ರವನ್ನು ವಹಿಸಿದ್ದರು. ಪಾತ್ರದ ಹೆಸರು ಫ್ಲೋರಾಬೆಲ್. ಅದು ಅವರ ಅಜ್ಜಿಯ ಹೆಸರು. ಜನರಿಗೆ ಆ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ, ಲೂಸಿ ಎಲ್ಲಿ ಎಂದು ಹುಡುಕಿದರು. ಹುಡುಕುವ ಅಗತ್ಯವಿರಲಿಲ್ಲ. ಚಳಿಗಾಲದ ಉಡುಪುಗಳನ್ನು ಒಂದರ ಮೇಲೊಂದು ಹೊದ್ದ ಆ ಹೆಂಗಸು ತನ್ನ ಸಾಮಾನುಗಳನ್ನು ಗಾಡಿಯಲ್ಲಿ ಜೋಡಿಸಿಕೊಳ್ಳುವ ಕೈಗಳನ್ನು ನೋಡಿದರೆ, ಮೂವತ್ತಮೂರು ವರ್ಷದ ಹಿಂದೆ ಚಾಕೊಲೇಟುಗಳನ್ನು ಟೋಪಿಯೊಳಗೆ ಅಡಗಿಸಿದ ಕೈಗಳೇ ಎಂಬುದು ತಿಳಿಯುತ್ತದೆ. ಬಾಲ್ 1989ನೆಯ ಏಪ್ರಿಲ್ 26ರಂದು ಲಾಸ್ ಏಂಜಲಿಸ್ಸಿನಲ್ಲಿ ನಿಧನರಾದರು.